ಕಿರಿಯ ಸಭೆ, ಹಿರಿಯ ಸೇವೆ: ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯ ಕೆಲವು ಪುಟಗಳು

ಶತಮಾನೋತ್ಸವವನ್ನು ಆಚರಿಸಿಕೊಳ್ಳುವ ವಿಚಾರಣೆಯೊಂದು ಮೊದಲು ಎಣಿಕೆಗೆ ತೊಡಗುವುದು ಸಹಜ. ಎಷ್ಟು ಮಂದಿಗೆ ಜ್ಞಾನಸ್ನಾನವಾಯಿತು, ಎಷ್ಟು ವಿವಾಹಗಳು ಜರುಗಿದವು, ಎಷ್ಟು ಮಂದಿ ಗುರುಗಳೂ ಕನ್ಯಾಸ್ತ್ರೀಯರೂ ಈ ಮಣ್ಣಿನಿಂದ ಹೊರಟರು ಎಂಬ ಲೆಕ್ಕವನ್ನು ನಾವೂ ಈ ವರ್ಷ ಮಾಡಿದ್ದೇವೆ. ಆ ಲೆಕ್ಕ ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ದಫ್ತರಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಮೊದಲಿನ ದಫ್ತರಗಳು ದಪ್ಪ, ಈಚಿನವು ತೆಳು. ಮಕ್ಕಳು ಓದಿ ಬೆಂಗಳೂರು ಸೇರಿದರು. ಕೆಲವರು ಕೊಲ್ಲಿ ದೇಶಗಳಿಗೆ ಹೋದರು. ಮನೆಗಳಲ್ಲಿ ಮುದುಕರು ಉಳಿದರು. ಪೂಜೆ ಮುಗಿದ ಮೇಲೆ ಹಿರಿಯರು ಅಂಗಳದಲ್ಲಿ ನಿಂತು, “ಸ್ವಾಮಿಗಳೇ, ಇನ್ನೊಂದು ನೂರು ವರ್ಷ ಈ ಗಂಟೆ ಬಾರಿಸಲು ಯಾರಾದರೂ ಇರುತ್ತಾರೆಯೇ?” ಎಂದು ಕೇಳುವುದುಂಟು. ತಮಾಷೆಯ ಮಾತಿನಂತೆ ಕೇಳಿದರೂ ಅದು ತಮಾಷೆಯಲ್ಲ.

ಈ ಪ್ರಶ್ನೆಗೆ ಭಕ್ತಿಯ ಮಾತಿನಿಂದ ಉತ್ತರ ಹೇಳುವುದು ಸುಲಭ. ನಾವು ಇಲ್ಲಿ ಚರಿತ್ರೆಯ ಕಡೆಗೆ ತಿರುಗಬಯಸುತ್ತೇವೆ. ಏಕೆಂದರೆ ಸಂಖ್ಯೆಯಲ್ಲಿ ಸಣ್ಣವರಾಗಿರುವುದು ನಮಗೆ ಹೊಸದಾಗಿ ಬಂದೊದಗಿದ ವಿಪತ್ತೇನಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನರಲ್ಲಿ ಕ್ರೈಸ್ತರು ಶೇಕಡ 1.87ರಷ್ಟು ಮಾತ್ರ, ಎಲ್ಲ ಪಂಗಡಗಳೂ ಸೇರಿ ಸುಮಾರು ಹನ್ನೊಂದೂವರೆ ಲಕ್ಷ. ಕರಾವಳಿಯನ್ನೂ ಬೆಂಗಳೂರನ್ನೂ ಬಿಟ್ಟರೆ ನಾಡಿನ ಉಳಿದ ಭಾಗಗಳಲ್ಲಿ ಒಂದೊಂದು ಊರಿನಲ್ಲಿ ಬೆರಳೆಣಿಕೆಯ ಮನೆಗಳು. ಹಿಂದೆಯೂ ಹೀಗೆಯೇ ಇತ್ತು. ಹಾಗಿದ್ದೂ ಈ ಸಣ್ಣ ಸಭೆಗಳು ಬದುಕಿದ್ದು ಹೇಗೆ ಎಂಬುದೇ ವಿಚಾರಾರ್ಹವಾದ ಸಂಗತಿ.

ಆದಿ ಧರ್ಮಸಭೆಯ ಒಂದು ಲೆಕ್ಕಪತ್ರದಿಂದ ಆರಂಭಿಸಬಹುದು. ಕ್ರಿ. ಶ. 251ರ ಸುಮಾರಿನಲ್ಲಿ ರೋಮಿನ ಧರ್ಮಾಧ್ಯಕ್ಷರಾಗಿದ್ದ ಸಂತ ಕೊರ್ನೇಲಿಯುಸರು ಅಂತಿಯೋಕ್ಯದ ಧರ್ಮಾಧ್ಯಕ್ಷರಿಗೆ ಬರೆದ ಕಾಗದವೊಂದರಲ್ಲಿ ತಮ್ಮ ಸಭೆಯ ವಿವರ ಕೊಟ್ಟಿದ್ದಾರೆ. ಚರಿತ್ರಕಾರ ಯೂಸೇಬಿಯುಸನ ಕೃಪೆಯಿಂದ ಅದು ಉಳಿದುಬಂದಿದೆ. 46 ಮಂದಿ ಗುರುಗಳು, 7 ಮಂದಿ ಡೀಕನರು, ಇನ್ನು ಓದುವವರು, ಬಾಗಿಲು ಕಾಯುವವರು ಎಂದು ಪಟ್ಟಿ ಸಾಗಿ ಕೊನೆಗೆ ಸಭೆಯು ಸಲಹುತ್ತಿದ್ದ ವಿಧವೆಯರೂ ದೀನರೂ 1500ಕ್ಕಿಂತ ಹೆಚ್ಚು ಎಂದು ಮುಗಿಯುತ್ತದೆ. ಡೇಸಿಯುಸ್ ಚಕ್ರವರ್ತಿಯ ಹಿಂಸೆ ಆಗತಾನೆ ಹಾದುಹೋಗಿತ್ತು. ಕೊರ್ನೇಲಿಯುಸರಿಗಿಂತ ಹಿಂದೆ ಆ ಪೀಠದಲ್ಲಿದ್ದ ಫೇಬಿಯನರು ಅದರಲ್ಲಿಯೇ ಮಡಿದಿದ್ದರು. ಅಂಥ ಕಾಲದಲ್ಲಿ ತನ್ನ ಪರಿಚಯ ಹೇಳಿಕೊಳ್ಳಬೇಕಾಗಿ ಬಂದಾಗ ರೋಮಿನ ಸಭೆ ತನ್ನ ಗುರುಗಳನ್ನು ಎಣಿಸಿದ ಪಟ್ಟಿಯಲ್ಲಿಯೇ ತಾನು ಅನ್ನವಿಡುತ್ತಿದ್ದವರನ್ನೂ ಎಣಿಸಿತು. ಮುಂದೆ ನೂರು ವರ್ಷಕ್ಕೂ ಮಿಕ್ಕು ಕಳೆದ ಮೇಲೆ, ಹಳೆಯ ದೇವತೆಗಳ ಆರಾಧನೆಯನ್ನು ಮರಳಿ ನಿಲ್ಲಿಸಲು ಹೆಣಗಿದ ಜೂಲಿಯನ್ ಚಕ್ರವರ್ತಿ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಗಲಿಲೇಯದವರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಎಂದು ಸಂಕಟಪಟ್ಟುಕೊಂಡಿದ್ದಾನೆ. ಶತ್ರುವಿನ ಬಾಯಿಂದ ಬಂದ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಇನ್ನು ನಮ್ಮ ನಾಡಿಗೆ ಬರೋಣ. ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಸ್ತಿಭಾರ ಹಾಕಿದರು. ನೂರಿಪ್ಪತ್ತು ವರ್ಷಗಳಿಗೂ ಮಿಕ್ಕು ನಡೆದ ಆ ಕೆಲಸಕ್ಕೆ 1773ರಲ್ಲಿ ಯೇಸುಸಭೆಯೇ ರದ್ದಾದಾಗ ದೊಡ್ಡ ಪೆಟ್ಟು ಬಿತ್ತು. ಅನಂತರ ಮೈಸೂರು ಯುದ್ಧಗಳು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದ ದುಃಖದ ಕಥೆ ನಮ್ಮ ಜನಕ್ಕೆ ತಿಳಿದೇ ಇದೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. 1799ರಲ್ಲಿ ಪಟ್ಟಣ ಬಿದ್ದಾಗ ಅಲ್ಲಿ ಉಳಿದಿದ್ದದ್ದು ಚದುರಿದ, ಹೆದರಿದ, ಗುರುಗಳಿಲ್ಲದ ಒಂದು ಸಣ್ಣ ಮಂದೆ. ಆ ಮಂದೆಯನ್ನು ಕೂಡಿಸಲು ಬಂದವರು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದ ಅಬ್ಬೆ ದ್ಯುಬ್ವಾ ಅವರು.

1765ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಗುರುಗಳು ಅಲ್ಲಿ ಮಹಾಕ್ರಾಂತಿಯ ಬೆಂಕಿ ಉರಿಯುತ್ತಿದ್ದ 1792ರಲ್ಲಿ ಅಭಿಷಿಕ್ತರಾಗಿ ಭರತಖಂಡಕ್ಕೆ ಹೊರಟವರು. ಇಲ್ಲಿ ದೇಶೀಯರಂತೆ ನಿಲುವಂಗಿ ಮುಂಡಾಸು ಧರಿಸಿ, ದೇಶೀಯರ ಊಟವನ್ನೇ ಉಂಡು, ಹಳ್ಳಿಯಿಂದ ಹಳ್ಳಿಗೆ ನಡೆದರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರೆಂಬ ಮಾತಿದೆ. ಅವರ ಹೆಸರು ಇಂದು ಲೋಕಕ್ಕೆ ತಿಳಿದಿರುವುದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥದಿಂದ. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಈಸ್ಟ್ ಇಂಡಿಯಾ ಕಂಪನಿ ಅದರ ಹಸ್ತಪ್ರತಿಯನ್ನು 2000 ವರಾಹ ಕೊಟ್ಟು ಕೊಂಡಿತು; 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಗ್ರಂಥದಲ್ಲಿ ನಮ್ಮ ದೇಶದ ಜನರನ್ನು ಕುರಿತು ನೋಯಿಸುವಂಥ ಮಾತುಗಳು ಹಲವಿವೆ. ಅವನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಮೇಲಾಗಿ, ಆ ಗ್ರಂಥದ ಬಹುಭಾಗ ಯೇಸುಸಭೆಯ ಕೂರ್ದು ಸ್ವಾಮಿಗಳು ಹಿಂದೆಯೇ ಬರೆದಿಟ್ಟಿದ್ದ ಹಸ್ತಪ್ರತಿಯನ್ನು ಆಧರಿಸಿದ್ದೆಂದು ಸಿಲ್ವಿಯಾ ಮ್ಯುರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಹೀಗೆ ಕೀರ್ತಿ ತಂದ ಪುಸ್ತಕ ಪೂರ್ತಿಯಾಗಿ ಅವರದಲ್ಲ. ಆದರೆ ಪುಸ್ತಕದಿಂದಾಚೆಗೆ ಅವರು ಮಾಡಿದ ಒಂದು ಕೆಲಸವಿದೆ. ಅದನ್ನು ಬಲ್ಲವರು ಕಡಮೆ.

ಆ ಕಾಲದಲ್ಲಿ ಮೈಸೂರು ಸೀಮೆಯನ್ನು ಸಿಡುಬು ಹಿಂಡುತ್ತಿತ್ತು. ‘ಅಮ್ಮ’ ಬಂದ ಮನೆಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರು ದೂರ ಸರಿಯುತ್ತಿದ್ದರು. ಬದುಕಿ ಉಳಿದವರಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ಈ ರೋಗವನ್ನು ತಡೆಯಬಹುದೆಂದು ಪ್ರಕಟಿಸಿದ್ದು 1798ರಲ್ಲಿ. 1802ರ ಜೂನಿನಲ್ಲಿ ಆ ಲಸಿಕೆ ಮುಂಬಯಿಯನ್ನು ತಲುಪಿತು. ಮರುವರ್ಷವೇ ಅಬ್ಬೆ ದ್ಯುಬ್ವಾ ಅವರು ಮೈಸೂರು ಸೀಮೆಯ ಹಳ್ಳಿಗಳಲ್ಲಿ ದಾಕು ಹಾಕುವ ಕೆಲಸಕ್ಕೆ ಕೈಹಚ್ಚಿದ್ದರು. 1803–04ರಲ್ಲಿ, ಎಂಟು ತಿಂಗಳ ಅವಧಿಯಲ್ಲಿ, 25,432 ಮಂದಿಗೆ ದಾಕು ಹಾಕಿ ದಾಖಲೆಗೆ ಸೇರಿಸಿದ ಲೆಕ್ಕ ಉಳಿದುಬಂದಿದೆ.

ಈ ಸಂಖ್ಯೆಯ ಹಿಂದಿನ ಶ್ರಮವನ್ನು ತಿಳಿಯಬೇಕಾದರೆ ಅಂದಿನ ವಿಧಾನವನ್ನು ತಿಳಿಯಬೇಕು. ಲಸಿಕೆಯನ್ನು ತಂಪಿನಲ್ಲಿಟ್ಟು ಕಾಪಾಡುವ ಅನುಕೂಲ ಆಗ ಇರಲಿಲ್ಲ. ಮನುಷ್ಯನ ತೋಳೇ ಅದರ ಪಾತ್ರೆ. ಒಬ್ಬ ಮಗುವಿನ ತೋಳಿನಲ್ಲಿ ಚುಚ್ಚಿದ ಜಾಗ ಒಂದು ವಾರದಷ್ಟಕ್ಕೆ ಗುಳ್ಳೆಯಾಗಿ ತುಂಬಿಕೊಂಡಾಗ, ಅದರ ರಸವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು. ಅಲ್ಲಿಂದ ಮತ್ತೆ ಇನ್ನೊಬ್ಬರಿಗೆ. ನಡುವೆ ಯಾರೂ ಒಪ್ಪದೆ ದಿನ ಮೀರಿತೋ, ಸರಪಳಿ ಕಡಿದುಹೋಯಿತು. ಒಬ್ಬರ ಮೈಯ ರಸ ಇನ್ನೊಬ್ಬರ ಮೈಗೆ! ಜಾತಿ, ಮಡಿ, ಮೈಲಿಗೆಗಳ ಕಟ್ಟು ಎಷ್ಟು ಬಿಗಿಯಾಗಿತ್ತೆಂಬುದನ್ನು ನೆನೆದರೆ, ಜನರನ್ನು ಒಪ್ಪಿಸುವುದು ಎಂಥ ಕೆಲಸವಾಗಿತ್ತೆಂಬುದು ಗೊತ್ತಾಗುತ್ತದೆ. ಸರ್ಕಾರದ ಆಜ್ಞೆಯೊಂದರಿಂದಲೇ ಅದು ಆಗುವಂಥದಲ್ಲ. ಅರಮನೆಯ ಕಡೆಯಿಂದಲೂ ಒತ್ತಾಸೆ ದೊರಕಿರಬೇಕು: 1805ರ ಸುಮಾರಿನಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರಿನ ರಾಣಿಯರನ್ನು ಬರೆದ ಚಿತ್ರವೊಂದಿದ್ದು, ಅದರಲ್ಲಿ ಕಿರಿಯ ರಾಣಿ ಸೀರೆಯ ಸೆರಗು ಸರಿಸಿ ತೋರುತ್ತಿರುವುದು ದಾಕು ಹಾಕಿಸಿಕೊಂಡ ತೋಳನ್ನೇ ಎಂದು ವಿದ್ವಾಂಸರೊಬ್ಬರು ವಾದಿಸಿದ್ದಾರೆ. ಆದರೆ ಹಳ್ಳಿಯ ಜಗಲಿಯಲ್ಲಿ ಕುಳಿತು ಕನ್ನಡದಲ್ಲಿ ಮಾತನಾಡಿ ತಾಯಂದಿರ ಅಂಜಿಕೆ ಬಿಡಿಸಲು ಅಲ್ಲಿಯವರು ನಂಬುವ ಒಬ್ಬ ಮನುಷ್ಯ ಬೇಕಿತ್ತು. 2021ರಲ್ಲಿ ಕೊರೋನಾ ಲಸಿಕೆ ಬಂದಾಗ ಓದಿದವರೇ ಅಂಜಿ ಹಿಂದೆ ಸರಿದುದನ್ನು ನಾವೆಲ್ಲ ಕಂಡಿದ್ದೇವೆ. ಇನ್ನೂರು ವರ್ಷಗಳ ಹಿಂದಿನ ತಾಯಿಯನ್ನು ದೂಷಿಸುವಂತಿಲ್ಲ.

ಈಗ ಇನ್ನೊಂದು ಸಂಖ್ಯೆಯನ್ನು ಇದರ ಪಕ್ಕದಲ್ಲಿಡೋಣ. ಅಬ್ಬೆ ದ್ಯುಬ್ವಾ ಅವರು 1823ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಪ್ರಕಟಿಸಿದ ಪತ್ರಗಳಲ್ಲಿ ತಮ್ಮ ಧರ್ಮಪ್ರಚಾರದ ಫಲವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅಷ್ಟು ದೀರ್ಘ ಕಾಲದಲ್ಲಿ, ದೇಶೀಯ ಸಹಾಯಕರೊಬ್ಬರ ನೆರವಿನೊಂದಿಗೆ, ಹೊಸದಾಗಿ ಧರ್ಮಕ್ಕೆ ಸೇರಿಸಿದವರು ಒಟ್ಟು ಇನ್ನೂರು ಮುನ್ನೂರು ಮಂದಿ. ಅವರಲ್ಲಿಯೂ ನೆಲೆನಿಂತವರು ಕೆಲವರೇ. ಈ ದೇಶದಲ್ಲಿ ಕ್ರೈಸ್ತಧರ್ಮ ಹಬ್ಬುವ ಕಾಲ ಮೀರಿಹೋಯಿತೆಂದೇ ಅವರು ಬರೆದರು. ಇಂಗ್ಲೆಂಡಿನ ಮಿಷನರಿಗಳು ಅವರ ಮೇಲೆ ಹರಿಹಾಯ್ದು ಉತ್ತರಗಳನ್ನು ಬರೆದರು. ಸೆಮಿನರಿಯಲ್ಲಿ ನಮಗೆ ಚರಿತ್ರೆ ಕಲಿಸುತ್ತಿದ್ದವರು ಈ ಪ್ರಸಂಗ ಬಂದಾಗ ಪುಟ ಮಗುಚಿ ಮುಂದಕ್ಕೆ ಹೋಗುತ್ತಿದ್ದರು. ನಮಗಾದರೋ ಅದು ದಾಟಿಹೋಗುವ ಪುಟವೆನಿಸಲಿಲ್ಲ. ಜ್ಞಾನಸ್ನಾನದ ದಫ್ತರದಲ್ಲಿ ಇನ್ನೂರು ಮುನ್ನೂರು ಹೆಸರು. ದಾಕಿನ ದಫ್ತರದಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕು. ತಮ್ಮ ಬಾಳು ನಿಷ್ಫಲವಾಯಿತೆಂದು ನೊಂದ ಆ ಗುರುಗಳು ಮೊದಲನೆಯ ದಫ್ತರವನ್ನು ಮಾತ್ರ ತೆರೆದು ನೋಡಿದರೋ ಏನೋ.

ಮಂದೆಯ ಹೊಟ್ಟೆಪಾಡನ್ನೂ ಅವರು ಮರೆಯಲಿಲ್ಲ. ಯುದ್ಧಗಳಿಂದ ನೆಲೆತಪ್ಪಿದ ಕ್ರೈಸ್ತರಿಗಾಗಿ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಉಳುವ ಭೂಮಿಯಿದ್ದ ಕಡೆ ಸಭೆ ಬೇರುಬಿಟ್ಟಿತು. ಅವರು ಹೊರಟುಹೋಗಿ ಎರಡು ಶತಮಾನ ಕಳೆದರೂ ಆ ಪ್ರಾಂತದಲ್ಲಿ ಕನ್ನಡ ಮಾತನಾಡುವ ಕಥೋಲಿಕ ರೈತರ ಮನೆಗಳಿವೆ. ಸ್ವಾಮಿಗಳು ಮಾತ್ರ ಇತ್ತ ಮರಳಲಿಲ್ಲ. ಪ್ಯಾರಿಸ್ಸಿನ ತಮ್ಮ ಸೆಮಿನರಿಯ ಶ್ರೇಷ್ಠರಾಗಿಯೂ ಇದ್ದು 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರೆಂಬುದನ್ನೂ ಇಲ್ಲಿ ಹೇಳಿಬಿಡೋಣ. ಈ ನೆಲದ ನೆನಪು ಅವರನ್ನು ಬಿಡಲಿಲ್ಲವೆಂದೇ ನಮ್ಮ ಎಣಿಕೆ.

1876ರಿಂದ 78ರವರೆಗಿನ ಮಹಾಕ್ಷಾಮ ಎರಡನೆಯ ಪರೀಕ್ಷೆ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಒಳಗೆ ಇಳಿದಿತ್ತು. ಹಾದಿಬದಿಯಲ್ಲಿ ತಾಯಿತಂದೆಯರನ್ನು ಕಳೆದುಕೊಂಡ ಮಕ್ಕಳನ್ನು ಪ್ಯಾರಿಸ್ ಮಿಷನ್ನಿನ ಗುರುಗಳೂ ಕನ್ಯಾಸ್ತ್ರೀಯರೂ ಎತ್ತಿ ತಂದರು. ಆ ಮಕ್ಕಳು ಬೆಳೆದ ಮೇಲೆ ಅವರ ಬದುಕಿಗೆಂದು ಬೆಂಗಳೂರಿನ ಆಸುಪಾಸಿನಲ್ಲಿ ಭೂಮಿ ಕೊಂಡು ಹಳ್ಳಿಗಳನ್ನೇ ಎಬ್ಬಿಸಿದರು. ಸಿಲುವೆಪುರ, ಮರಿಯಾಪುರಗಳ ಹೆಸರೇ ಅವುಗಳ ಹುಟ್ಟನ್ನು ಹೇಳುತ್ತದೆ. ಬರಗಾಲದಲ್ಲಿ ಗಂಜಿಗಾಗಿ ಬಂದವರನ್ನು ಸಭೆಗೆ ಸೇರಿಸಿಕೊಂಡರೆಂಬ ಆಕ್ಷೇಪಣೆ ಅಂದಿನಿಂದ ಇಂದಿನವರೆಗೂ ಇದೆ. ಆ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಹಸಿದವನ ಕೈಗೆ ಅನ್ನ ಕೊಡುವಾಗ ಪ್ರತಿಫಲವನ್ನು ನೋಡಬಾರದು. ಆದರೆ ಬೀದಿಯಲ್ಲಿ ಸಾಯುತ್ತಿದ್ದ ಮಗುವನ್ನು ಎತ್ತಿಕೊಂಡವನಿಗೆ, ಅದನ್ನು ಸಾಕಿ ಸಂಸಾರ ಹೂಡಿಸುವವರೆಗಿನ ಹೊಣೆಯೂ ಬಂದೇ ಬರುತ್ತದೆ; ಆ ಹೊಣೆಯನ್ನು ಅವರು ಹೊತ್ತರು ಎಂಬುದನ್ನೂ ಹೇಳಬೇಕು.

ಘಟ್ಟದ ಕೆಳಗೆ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿನಲ್ಲಿ ಕಥೋಲಿಕರು ನಮ್ಮಷ್ಟು ಸಣ್ಣ ಸಂಖ್ಯೆಯವರಲ್ಲ. ಆದರೆ ಅಲ್ಲಿಯ ಅತಿ ದೊಡ್ಡ ಸೇವೆಯೊಂದರ ಆರಂಭ ಅತಿ ಸಣ್ಣದು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯವರಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳೂ ಒಬ್ಬರು. ತಾವು ತಂದಿದ್ದ ಹೋಮಿಯೋಪಥಿ ಔಷಧಗಳ ಪೆಟ್ಟಿಗೆಯಿಂದ ನೆರೆಯ ಬಡವರಿಗೆ ಮದ್ದು ಕೊಡತೊಡಗಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯ ನೆಲೆಗೊಂಡಿತು. ಆ ಗುಡ್ಡದ ಆಲದ ಮರದ ನೆರಳಿನಲ್ಲಿ ರೋಗಿಗಳು ಕಾದು ಕುಳಿತಿರುತ್ತಿದ್ದರೆಂದು ಹಳಬರು ಹೇಳುತ್ತಾರೆ. ಆ ಸಣ್ಣ ಬಿಳಿಯ ಗುಳಿಗೆಗಳ ಗುಣವನ್ನು ಇಂದಿನ ವೈದ್ಯಶಾಸ್ತ್ರ ಪ್ರಶ್ನಿಸುತ್ತದೆ. ಆ ಚರ್ಚೆ ನಮ್ಮ ವಿಷಯವಲ್ಲ. ಸ್ವಾಮಿಗಳು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮುಖ್ಯ. ಮನೆಯವರೂ ಹೊರಹಾಕುತ್ತಿದ್ದ ಕುಷ್ಠರೋಗಿಗಳಿಗಾಗಿ 1890ರಲ್ಲಿ ಆಶ್ರಮ ಕಟ್ಟಿದರು. ಪ್ಲೇಗು ಬಂದಾಗ 1902ರಲ್ಲಿ ಪ್ಲೇಗಿನವರಿಗೆಂದೇ ಆಸ್ಪತ್ರೆ ಮಾಡಿದರು. ಹಣ ಎಲ್ಲಿಂದ? ಔಷಧಗಳನ್ನು ತಯಾರಿಸಿ ದೇಶದ ಮೂಲೆಮೂಲೆಗೂ ಟಪಾಲಿನಲ್ಲಿ ಕಳುಹಿಸಿ, ಬಂದ ಲಾಭವನ್ನು ಕುಷ್ಠರೋಗಿಗಳ ಅನ್ನಕ್ಕೆ ಹಾಕಿದರು. ದಾನಿಗಳ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಇದು ಎಷ್ಟೋ ಮರ್ಯಾದೆಯ ದಾರಿ. 1910ರಲ್ಲಿ ಸ್ವಾಮಿಗಳು ತೀರಿಕೊಂಡರು. ಇಂದು ಅಲ್ಲಿ ವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಮಂಗಳೂರಿನಲ್ಲಿ ಯಾವ ಮತದ ಆಟೋ ಚಾಲಕನೂ ‘ಫಾದರ್ ಮುಲ್ಲರ್’ ಎಂದರೆ ದಾರಿ ಕೇಳುವುದಿಲ್ಲ.

ಇಂಥ ದೊಡ್ಡವರ ಹೆಸರು ಹೇಳಿದಾಗ, “ಅವರು ಪರದೇಶದ ಗುರುಗಳು, ಅವರ ಹಿಂದೆ ಸಂಸ್ಥೆಗಳಿದ್ದವು, ನಾವು ಏನು ಮಾಡಿಯೇವು?” ಎನ್ನುವವರಿದ್ದಾರೆ. ಅವರಿಗೆ ಬೇರೆ ಬಗೆಯ ಎರಡು ಉದಾಹರಣೆಗಳನ್ನು ಕೊಡುತ್ತೇವೆ. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ, ನಿಮ್ಮ ಧರ್ಮಸಭೆ ಹಿಂದೆ ಏನು ಮಾಡಿತೆಂಬುದಿರಲಿ, ಈಗ ಏನು ಮಾಡುತ್ತಿದೆ ಎಂಬ ಸವಾಲು ಎದ್ದಿತು. ಅದಕ್ಕೆ ಇಪ್ಪತ್ತರ ಹರೆಯದ ಫ್ರೆಡರಿಕ್ ಓಝನಾಂ ಮತ್ತು ಅವರ ಕೆಲವು ಗೆಳೆಯರು ವಾದದಿಂದ ಉತ್ತರ ಕೊಡದೆ, ತಮ್ಮಲ್ಲಿದ್ದ ಸೌದೆಯನ್ನು ಹೊತ್ತುಕೊಂಡು ಬಡವರ ಮನೆಗೆ ಹೋದರೆಂದು ಹೇಳುತ್ತಾರೆ. ಸಂತ ವಿನ್ಸೆಂಟ್ ಡಿ ಪೌಲರ ಸಭೆ ಹುಟ್ಟಿದ್ದು ಹಾಗೆ. ಇಂದು ನಮ್ಮ ನಾಡಿನ ಎಷ್ಟೋ ವಿಚಾರಣೆಗಳಲ್ಲಿ ಐದಾರು ಮಂದಿ ಗೃಹಸ್ಥರು ವಾರಕ್ಕೊಮ್ಮೆ ಕುಳಿತು ನಡೆಸುವುದು ಅದೇ ಸಭೆಯನ್ನು. ಇನ್ನೊಂದು ಹತ್ತಿರದ್ದು. ಗದುಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಭಾರತದ ಮೊದಲ ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದ ಕೆಲವೇ ವರ್ಷಗಳಲ್ಲಿ, 1912ರಲ್ಲಿ, ಮಂಗಳೂರಿನ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು. ಸಾಹುಕಾರನ ಬಡ್ಡಿಯಿಂದ ಒಬ್ಬ ರೈತನನ್ನು ಬಿಡಿಸುವುದು ನಮ್ಮ ದೃಷ್ಟಿಯಲ್ಲಿ ಒಂದು ಪ್ರವಚನಕ್ಕಿಂತ ಕಡಮೆಯದಲ್ಲ.

ಕಟ್ಟಡಗಳ ವಿಷಯ ಒಂದೆರಡು ಮಾತು. ಹಾಸನದಿಂದ ಕೆಲವು ಹರದಾರಿ ದೂರದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 1860ರ ಸುಮಾರಿನಲ್ಲಿ ಕಟ್ಟಿಸಿದ ಜಪಸರದ ಮಾತೆಯ ದೇವಾಲಯವಿದೆ. ಇದೆ ಎನ್ನುವುದಕ್ಕಿಂತ ಅದರ ಗೋಡೆಗಳಿವೆ ಎನ್ನಬೇಕು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಸಿದ್ಧವಾದ ಮೇಲೆ ಊರು ಮುಳುಗಡೆಯ ಪಾಲಾಯಿತು. ಮಳೆಗಾಲದಲ್ಲಿ ಕಮಾನುಗಳ ಅರ್ಧದವರೆಗೆ ನೀರು ನಿಲ್ಲುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ಪ್ರವಾಸಿಗಳು ಬಂದು ಪಟ ತೆಗೆದುಕೊಳ್ಳುತ್ತಾರೆ. ಸುಂದರವಾದ ದೃಶ್ಯ, ಸಂದೇಹವಿಲ್ಲ. ಆದರೆ ಅಲ್ಲಿಯ ಜನ ಬೇರೆ ಕಡೆ ಮನೆ ಕಟ್ಟಿಕೊಂಡು ಬದುಕು ಹೂಡಿದರು. ಸಭೆ ಇರುವುದು ಅವರಲ್ಲಿ, ನೀರೊಳಗಿನ ಕಂಬಗಳಲ್ಲಲ್ಲ.

ನಮ್ಮ ವಿಚಾರಣೆಯೂ ಇಂಥ ಸಣ್ಣ ಸಭೆಗಳಲ್ಲೊಂದು. ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿತವರಲ್ಲಿ ಹೆಚ್ಚಿನವರು ನಮ್ಮ ಪೂಜೆಗೆ ಬರುವವರಲ್ಲ. ಊರಿನ ದನಕರುಗಳೂ ನೀರು ಕುಡಿದ ದೇವಾಲಯದ ಬಾವಿ ನಲ್ಲಿ ಬಂದ ಮೇಲೆ ಹಾಳುಬಿದ್ದಿದೆ. ಶಾಲೆಯ ಹಿಂದಿನ ಎರಡು ಕೊಠಡಿಗಳಿಗೆ ಮಕ್ಕಳಿಲ್ಲದೆ ಬೀಗ ಬಿದ್ದು ವರ್ಷಗಳಾದವು. ಅತ್ತ ಊರಿನಲ್ಲಿ, ಮಕ್ಕಳು ಪಟ್ಟಣ ಸೇರಿ ಒಂಟಿಯಾಗಿ ಉಳಿದ ವೃದ್ಧರು ಎಲ್ಲ ಜಾತಿಗಳಲ್ಲಿಯೂ ಇದ್ದಾರೆ. ಮಧ್ಯಾಹ್ನದ ಅಡಿಗೆಗೆ ಒಲೆ ಹೊತ್ತಿಸುವ ಶಕ್ತಿಯಿಲ್ಲದೆ ಬೆಳಗಿನ ಮುದ್ದೆಯನ್ನೇ ಎರಡು ಹೊತ್ತು ಉಣ್ಣುವವರಿದ್ದಾರೆ. ರಕ್ತದೊತ್ತಡದ ಮಾತ್ರೆ ಮುಗಿದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ತರುವವರಿಲ್ಲದವರಿದ್ದಾರೆ. ಜ್ಞಾನಸ್ನಾನದ ದಫ್ತರ ತೆಳುವಾಗಲು ಯಾವುದು ಕಾರಣವೋ, ಈ ಒಂಟಿತನಕ್ಕೂ ಅದೇ ಕಾರಣ.

ಶತಮಾನೋತ್ಸವ ಸಮಿತಿಯ ಮುಂದೆ ಈಗ ಎರಡು ಸಲಹೆಗಳಿವೆ. ಒಂದು, ದೇವಾಲಯದ ಮುಂಭಾಗಕ್ಕೆ ಹೊಸ ಗಂಟೆಗೋಪುರವನ್ನು ಎತ್ತಿಸುವುದು. ಇದಕ್ಕೆ ಪರವೂರುಗಳಲ್ಲಿರುವ ನಮ್ಮ ಮಕ್ಕಳು ಉದಾರವಾಗಿ ಹಣ ಕೊಡಲು ಮುಂದೆ ಬಂದಿದ್ದಾರೆ. ಅವರ ಪ್ರೀತಿಗೆ ನಾವು ಕೃತಜ್ಞರು. ಇನ್ನೊಂದು, ಬೀಗ ಬಿದ್ದಿರುವ ಆ ಎರಡು ಕೊಠಡಿಗಳ ಹಂಚು ಹೊದಿಸಿ, ಅಡಿಗೆಮನೆಯೊಂದನ್ನು ಸೇರಿಸಿ, ಊರಿನ ಯಾವ ವೃದ್ಧರೇ ಆಗಲಿ ಹಗಲು ಹೊತ್ತು ಬಂದು ಕುಳಿತು ಬಿಸಿ ಊಟ ಮಾಡಿ ಹೋಗುವಂತೆ ಮಾಡುವುದು. ವಾರಕ್ಕೊಂದು ದಿನ ದಾದಿಯೊಬ್ಬರು ಬಂದು ರಕ್ತದೊತ್ತಡ ನೋಡುವಂತೆ ಏರ್ಪಡಿಸುವುದು. ಎರಡಕ್ಕೂ ಸಾಲುವಷ್ಟು ಹಣ ಇಲ್ಲ. ನಮ್ಮ ಒಲವು ಯಾವ ಕಡೆಗೆಂಬುದನ್ನು ಇಷ್ಟು ಓದಿದವರು ಊಹಿಸಿಯಾರು. ಆದರೆ ತೀರ್ಮಾನ ಗುರುಗಳೊಬ್ಬರದಾಗಬಾರದು. ಅಡಿಗೆಗೆ ನಿಲ್ಲಬೇಕಾದವರು, ದಿನವೂ ಬೀಗ ತೆಗೆಯಬೇಕಾದವರು ನೀವೇ. ಆದ್ದರಿಂದ ಎರಡು ಸಲಹೆಗಳ ಖರ್ಚಿನ ಅಂದಾಜನ್ನೂ ದೇವಾಲಯದ ಬಾಗಿಲ ಬಳಿ ಅಂಟಿಸಲಾಗಿದೆ. ಹಬ್ಬ ಮುಗಿದ ಮರುವಾರ, ಭಾನುವಾರದ ಎರಡನೆಯ ಪೂಜೆಯ ನಂತರ, ಎಲ್ಲ ಕುಟುಂಬಗಳ ಸಭೆ ಶಾಲೆಯ ಅಂಗಳದಲ್ಲಿ ಸೇರಲಿದೆ.